ಉಂಡೀಯೇನವಾ ತಂಗಿ?

ವಿದೇಶ ಪ್ರವಾಸ ಮುಗಿಸಿ ಬಂದವರು ಅಲ್ಲಿನ ರಸ್ತೆ, ಕಟ್ಟಡಗಳನ್ನು ವರ್ಣಿಸುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಅವ್ವನನ್ನು ಕರೆದುಕೊಂಡು ಮಲೇಷ್ಯಾಕ್ಕೆ ಹೋಗಿಬಂದ ನನಗೆ ಕ್ವಾಲಾಲಂಪುರ ಎಂದೊಡನೆ ನೆನಪಾಗುವುದು ಪೆಟ್ರೋನಾಸ್ ಅವಳಿ ಗೋಪುರಗಳಲ್ಲ; ನಾವು ತಂಗಿದ್ದ ಹೋಟೆಲಿನಲ್ಲಿ ಕೋಣೆ ಸ್ವಚ್ಛಗೊಳಿಸುತ್ತಿದ್ದ ಒಬ್ಬ ಯುವತಿ.

ಅವ್ವ ಯರಗಟ್ಟಿಯವಳು. ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸದೆ ಒಂದು ಗುಟುಕು ಚಹಾ ಕೂಡ ಕುಡಿಯದವಳು. ಮೊದಲ ದಿನ ಪೆಟ್ಟಿಗೆ ಇಡುವ ಗಿಡ್ಡ ಮೇಜನ್ನೇ ಒರೆಸಿ, ಮಡಿವಸ್ತ್ರ ಹಾಸಿ ಪೂಜೆಗೆ ಕುಳಿತಳು. ಹಾಸಿಗೆಯ ಹೊದಿಕೆ ಬದಲಿಸಲು ಬಂದ ಆ ಯುವತಿ ಬಾಗಿಲಲ್ಲೇ ನಿಂತು, ಸದ್ದಿಲ್ಲದೆ ಹಿಂತಿರುಗಿದಳು. ಸಂಜೆ ನಾವು ಮರಳಿದಾಗ ಆ ಮೇಜು ಕಿಟಕಿಯ ಪಕ್ಕಕ್ಕೆ ಬಂದಿತ್ತು. ಮೇಲೊಂದು ಬಿಳಿಯ ಬಟ್ಟೆ, ಬಟ್ಟಲಲ್ಲಿ ನಾಲ್ಕು ಹೂವು. ವಿಭೂತಿ ಗಟ್ಟಿಯನ್ನು ಮಾತ್ರ ಆಕೆ ಮುಟ್ಟಿರಲಿಲ್ಲ. ಆಕೆ ಮುಸ್ಲಿಂ ಯುವತಿ. ಇದು ಯಾವ ದೇವರ ಪೂಜೆಯೆಂದು ಕೇಳಲಿಲ್ಲ. ಪೂಜೆ ಎಂಬುದಷ್ಟೇ ಆಕೆಗೆ ಸಾಕಾಗಿತ್ತು. ನಾವಿದ್ದ ನಾಲ್ಕು ದಿನವೂ ಹೂವು ತಪ್ಪಲಿಲ್ಲ.

ಹೊರಡುವ ದಿನ ಭಕ್ಷೀಸು ಕೊಡಲೆಂದು ನಾನು ಜೇಬಿಗೆ ಕೈಹಾಕಿದೆ. ಅವ್ವ ಆಕೆಯ ಕೈ ಹಿಡಿದು, ‘ಉಂಡೀಯೇನವಾ ತಂಗಿ?’ ಎಂದಳು. ನಾನು ಇಂಗ್ಲಿಷಿನಲ್ಲಿ ತಿಳಿಸಿದಾಗ ಆಕೆ ಕ್ಷಣಕಾಲ ಸುಮ್ಮನಿದ್ದು, ಅತಿಥಿಗಳಾರೂ ತನ್ನನ್ನು ಹಾಗೆ ಕೇಳಿದ್ದಿಲ್ಲ ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿರುವ ಯರಗಟ್ಟಿ ಈಗ ತಾಲ್ಲೂಕು ಕೇಂದ್ರ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಎಷ್ಟೋ ಭಕ್ತರು ಹಾದುಹೋಗುವ ಊರು. ಅಲ್ಲಿನ ಖಾನಾವಳಿಯೊಂದರಲ್ಲಿ ವರ್ಷಗಟ್ಟಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡಿದ್ದೇನೆ. ಬೇಡವೆಂದರೂ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕುವ ಆ ಹೆಣ್ಣುಮಗಳ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಪರದೇಶದಲ್ಲಿ ಬಾಗಿಲು ತೆರೆದವರಿಗೆಲ್ಲ ‘ಥ್ಯಾಂಕ್ಯೂ’ ಎನ್ನುವ ನಾವು ನಮ್ಮೂರಿನಲ್ಲಿ ‘ಏ ಹುಡುಗಾ, ನೀರು’ ಎನ್ನುತ್ತೇವೆ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿದ್ದರು. ಅಲ್ಲಿನ ಹೋಟೆಲುಗಳ ಶುಚಿತ್ವ, ಶಿಸ್ತುಗಳನ್ನು ಮೆಚ್ಚಿ ಬಂದ ಅವರು ತಟ್ಟೆ, ಲೋಟ, ಚಮಚಗಳನ್ನು ಕ್ರಿಮಿರಹಿತಗೊಳಿಸುವ ಪದ್ಧತಿಯನ್ನು ಇಲ್ಲಿ ಜಾರಿಗೆ ತಂದರು. ಹೋಟೆಲು ನಡೆಸುವವರು ಪರದೇಶದಿಂದ ಕಲಿತರು. ಗಿರಾಕಿಗಳಾದ ನಾವು ಕಲಿತದ್ದೇನು?

ಹನ್ನೆರಡನೆಯ ಶತಮಾನದ ಶರಣರು ಈ ನಾಡಿಗೆ ದಾಸೋಹವನ್ನು ಕಲಿಸಿದರು. ನೀಡುವವನು ತಾನು ದೊಡ್ಡವನೆಂದು ಬೀಗದೆ ದಾಸನಂತಿರಬೇಕು ಎಂಬುದು ಅದರ ತಿರುಳು. ಹಣ ತೆತ್ತು ಉಣ್ಣುವವನಿಗೂ ಆ ಪಾಠ ಸಲ್ಲುತ್ತದೆ. ತೆತ್ತ ಹಣ ರೊಟ್ಟಿಯ ಬೆಲೆಯೇ ಹೊರತು ಬಡಿಸಿದ ಕೈಯ ಬೆಲೆಯಲ್ಲ.

ಊರಿಗೆ ಮರಳಿದ ಮೇಲೆ ಅದೇ ಖಾನಾವಳಿಗೆ ಹೋದೆ. ರೊಟ್ಟಿ ತಂದ ಆಕೆಯನ್ನು, ‘ನಿಮ್ಮ ಊಟ ಆಯ್ತೇನ್ರೀ ಅಕ್ಕಾರ?’ ಎಂದು ಕೇಳಿದೆ. ಆಕೆ ಗಲಿಬಿಲಿಗೊಂಡು ನಕ್ಕಳು. ‘ನಿಮ್ದೆಲ್ಲಾ ಆಗ್ಲಿ ಬಿಡ್ರಿ, ಆಮ್ಯಾಲ ನಮ್ದು’ ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಗೋಡೆಯ ಗಡಿಯಾರದಲ್ಲಿ ಆಗ ಮಧ್ಯಾಹ್ನದ ನಾಲ್ಕು ಗಂಟೆ.