ಕೋಲಾರದ ಹೊನ್ನು, ಅಜ್ಜಿಯ ಅಡ್ಡಿಕೆ

ಈಚೆಗೆ ರಾಜಾಜಿನಗರದ ಒಂದು ಕಲ್ಯಾಣಮಂಟಪದಲ್ಲಿ ಮುಹೂರ್ತ ಮುಗಿದು, ಊಟದ ಕರೆಗಾಗಿ ಕಾಯುತ್ತ ಕುಳಿತಿದ್ದೆ. ಮುಂದಿನ ಸಾಲಿನಲ್ಲಿದ್ದ ಇಬ್ಬರು ಹಿರಿಯ ಹೆಂಗಸರು ವಧುವಿನ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದರು. ಕಾಸಿನ ಸರ ತಾಯಿಯ ತಾಯಿಯದು. ವಂಕಿ ಸೋದರಮಾವ ಮಾಡಿಸಿಕೊಟ್ಟದ್ದು. ಅಡ್ಡಿಕೆ ಮಾತ್ರ ಅತ್ತೆಯ ಮನೆಯ ಕಡೆಯದು. ಹತ್ತು ನಿಮಿಷಗಳೊಳಗೆ ಆ ಹುಡುಗಿಯ ಮೂರು ತಲೆಮಾರಿನ ಚರಿತ್ರೆ ನನಗೆ ತಿಳಿದುಹೋಯಿತು. ಒಂದು ಪ್ರಶ್ನೆಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಈ ಚಿನ್ನ ಯಾವ ನೆಲದ ಹೊಟ್ಟೆಯಿಂದ ಬಂದಿತು?

ನಮ್ಮಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನೇ ಮೊದಲು ಕೇಳುವ ನಾಡೊಂದುಂಟು. ಬ್ರಿಟನ್ನಿನ ಪಶ್ಚಿಮ ಭಾಗದ ವೇಲ್ಸಿನಲ್ಲಿ ಅಲ್ಲಿಯ ಬೆಟ್ಟಗಳಿಂದ ತೆಗೆದ ಚಿನ್ನಕ್ಕೆ ಪ್ರತ್ಯೇಕವಾದ ಮರ್ಯಾದೆಯಿದೆ. 1923ರಲ್ಲಿ ಆ ದೇಶದ ರಾಜಕುಮಾರನೊಬ್ಬನ ಮದುವೆಗೆ ಕ್ಲೋಗೈ ಎಂಬ ಗಣಿಯ ಚಿನ್ನದಿಂದ ವಧುವಿನ ಉಂಗುರವನ್ನು ಮಾಡಿಸಿದರು. ಅವರ ಮಗಳು ಎಲಿಜಬೆತ್ ರಾಣಿಯವರಿಗೆ 1947ರಲ್ಲಿ, ಡಯಾನಾ ಅವರಿಗೆ 1981ರಲ್ಲಿ ಉಂಗುರವಾದದ್ದೂ ವೇಲ್ಸಿನ ಹೊನ್ನೇ. ಆ ಗಣಿ 1998ರಲ್ಲಿ ಮುಚ್ಚಿತು. ಚಿನ್ನ ವಿರಳವಾದಷ್ಟೂ ಹೆಸರಿನ ಬೆಲೆ ಏರಿತು. ಮೂಸೆಯಲ್ಲಿ ಕರಗಿಸಿದರೆ ಜಗತ್ತಿನ ಚಿನ್ನವೆಲ್ಲ ಒಂದೇ. ಆದರೂ ಅಲ್ಲಿಯ ಜನ ಊರಿನ ಹೆಸರಿಗಾಗಿ ಹೆಚ್ಚಿನ ಹಣ ತೆರುತ್ತಾರೆ.

ಹಾಗಾದರೆ ನಮಗೆ ಚಿನ್ನದ ಊರಿರಲಿಲ್ಲವೆ? ಇದ್ದಿತು; ವೇಲ್ಸಿನ ಗಣಿಗಳೆಲ್ಲ ಅದರ ಮುಂದೆ ಮಕ್ಕಳಾಟಿಕೆಯೆನ್ನಿಸುವಂಥ ಊರು. 1802ರಲ್ಲಿ ಮೈಸೂರು ಸೀಮೆಯ ಗಡಿಯನ್ನು ಅಳೆಯಲು ಬಂದಿದ್ದ ವಾರನ್ ಎಂಬ ಸೈನ್ಯಾಧಿಕಾರಿ, ಕೋಲಾರದ ಆಸುಪಾಸಿನ ಹಳ್ಳಿಗರು ಮಣ್ಣನ್ನು ತೊಳೆದು ಹೊನ್ನಿನ ಕಣಗಳನ್ನು ಆಯುತ್ತಾರೆಂದು ಕೇಳಿದ. ಬಹುಮಾನ ಕೊಡುವೆನೆಂದು ಸಾರಿದಾಗ ಅವರು ಗಾಡಿಗಳಲ್ಲಿ ಮಣ್ಣು ತಂದು ಅವನ ಕಣ್ಣೆದುರಿಗೇ ತೊಳೆದು ತೋರಿಸಿದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಸಂಸ್ಥೆಯವರು ಆ ನೆಲಕ್ಕೆ ಬಂದರು. ಅಲ್ಲಿಂದ 2001ರ ಫೆಬ್ರವರಿಯ ಕಡೆಯ ದಿನ ಗಣಿ ನಿಲ್ಲುವವರೆಗೆ, ನೂರಿಪ್ಪತ್ತು ವರ್ಷಗಳಲ್ಲಿ ಕೋಲಾರ ಕೊಟ್ಟ ಚಿನ್ನ ಸುಮಾರು 800 ಟನ್ನು.

ಆ ಚಿನ್ನಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. ಅಷ್ಟು ಕೆಳಗೆ ಬಂಡೆಯೇ ಕಾದ ಹೆಂಚಿನಂತಿರುತ್ತದೆ; ತಣ್ಣನೆಯ ಗಾಳಿಯನ್ನು ಕೊಳವೆಯ ಮೂಲಕ ಇಳಿಸದಿದ್ದರೆ ಮನುಷ್ಯ ಅಲ್ಲಿ ನಿಲ್ಲಲಾರ. ಮೇಲಿನ ಭಾರಕ್ಕೆ ಬಂಡೆಗಳು ಇದ್ದಕ್ಕಿದ್ದಂತೆ ಸಿಡಿಯುತ್ತಿದ್ದವು. ಕಲ್ಲಿನ ಧೂಳು ಪುಪ್ಪುಸದಲ್ಲಿ ಮನೆಮಾಡುತ್ತಿತ್ತು. ತಮಿಳು, ತೆಲುಗು, ಕನ್ನಡಗಳನ್ನಾಡುವ ಸಾವಿರಾರು ಕೂಲಿಗಾರರು ಒಂದೊಂದು ಟನ್ನು ಕಲ್ಲನ್ನು ಒಡೆದು ಮೇಲಕ್ಕೆ ಸಾಗಿಸಿದಾಗ ಕೈಗೆ ಬರುತ್ತಿದ್ದುದು ಕೆಲವೇ ಗ್ರಾಂ ಹೊನ್ನು. ಎರಡು ಬಳೆಗಳಾಗಬೇಕಾದರೆ ಟನ್ನುಗಟ್ಟಲೆ ಬಂಡೆ ಪುಡಿಯಾಗಬೇಕಾಗಿತ್ತು.

ಬೆಂಗಳೂರಿನವರಿಗಂತೂ ಆ ಗಣಿಯ ಋಣವುಂಟು. ಗಣಿಯ ಯಂತ್ರಗಳನ್ನು ನಡೆಸುವುದಕ್ಕೆಂದೇ 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ವಿದ್ಯುಚ್ಛಕ್ತಿಯನ್ನು ತೆಗೆದು, ತೊಂಬತ್ತಕ್ಕೂ ಹೆಚ್ಚು ಮೈಲಿಗಳ ದೂರ ತಂತಿ ಎಳೆದು ಕೋಲಾರಕ್ಕೆ ಮುಟ್ಟಿಸಿದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ನಮ್ಮ ನಗರದ ಮೊದಲ ವಿದ್ಯುದ್ದೀಪ, ಚಿನ್ನದ ಗಣಿ ಉಂಡು ಮಿಕ್ಕ ಬೆಳಕು.

ಆದರೆ ಆ ಚಿನ್ನವೆಲ್ಲಿ? ಮೊದಲ ಹಲವು ದಶಕಗಳಲ್ಲಿ ಅದು ಗಟ್ಟಿಗಳಾಗಿ ಹಡಗನ್ನೇರಿ ಇಂಗ್ಲೆಂಡಿಗೆ ಹೋಯಿತು. 1956ರಲ್ಲಿ ಮೈಸೂರು ಸರಕಾರವೂ 1962ರಲ್ಲಿ ಕೇಂದ್ರ ಸರಕಾರವೂ ಗಣಿಗಳನ್ನು ವಹಿಸಿಕೊಂಡ ಕಾಲದಲ್ಲಿ ಅದು ಸರಕಾರದ ಬೊಕ್ಕಸದ ದಾರಿ ಹಿಡಿಯಿತು. ‘ಇದು ಕೋಲಾರದ ಹೊನ್ನು’ ಎಂಬ ಗುರುತು ಹೊತ್ತು ಒಂದು ಮೂಗುಬೊಟ್ಟಾದರೂ ನಮ್ಮ ಮನೆಗಳಿಗೆ ಬಂದಂತಿಲ್ಲ. ನೂರಿಪ್ಪತ್ತು ವರ್ಷಗಳ ಆ ಗಣಿಯ ಫಲವೆಲ್ಲ ಸೇರಿದರೆ ಭಾರತೀಯರು 2024ರ ಒಂದೇ ವರ್ಷದಲ್ಲಿ ಕೊಂಡ ಚಿನ್ನದಷ್ಟಾಗುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಚಿನ್ನಕ್ಕಾಗಿ ನೆಲ ತೋಡಿದ್ದರು; ಅಲ್ಲಿಯ ಗಣಿ ಇಂದಿಗೂ ನಡೆಯುತ್ತಿದೆ. ಆದರೂ ಅಂಗಡಿಯಲ್ಲಿ ನಾವು ಕೊಳ್ಳುವ ಹೊನ್ನಿನ ಬಹುಪಾಲು ಹೊರದೇಶದಿಂದ ಬಂದದ್ದು.

ಗಣಿಯನ್ನು ಮರೆತ ನಾವು ಬೇರೆ ಏನನ್ನು ನೆನಪಿಟ್ಟುಕೊಂಡೆವು? ಆಕಾರವನ್ನು ಮತ್ತು ಕೊಟ್ಟ ಕೈಯನ್ನು. ಅವಲಕ್ಕಿ ಸರ, ಗುಂಡಿನ ಸರ, ಜಡೆಬಿಲ್ಲೆ, ಬುಗುಡಿ, ಬೆಂಡೋಲೆ, ಡಾಬು. ಉತ್ತರದ ಕಡೆ ಬೋರಮಾಳ, ಕೊಡಗಿನಲ್ಲಿ ಕೊಕ್ಕೆತಾತಿ, ಜೋಮಾಲೆ. ಹೆಸರು ಹೇಳಿದರೆ ಸಾಕು, ಸೀಮೆ ತಿಳಿಯುತ್ತದೆ. ಪರದೇಶದ ಚಿನ್ನವನ್ನೂ ನಮ್ಮವರು ಹೀಗೆಯೇ ಒಗ್ಗಿಸಿಕೊಂಡರು. ಆಂಗ್ಲರ ಸವರನ್ ಎಂಟು ಗ್ರಾಮಿಗೆ ತುಸು ಕಡಮೆ ತೂಗುವ ನಾಣ್ಯ. ಅದನ್ನು ಪದಕಕ್ಕೆ ಸೇರಿಸಿದ್ದಲ್ಲದೆ, ಅದರ ಹೆಸರನ್ನೇ ತೂಕದ ಮಾತಾಗಿ ಮಾಡಿಕೊಂಡೆವು. ರಾಜ್ಯ ಹೋದರೂ ಚಿನ್ನದಂಗಡಿಯಲ್ಲಿ ಸವರನ್ ಉಳಿದಿದೆ.

ಈ ಮೋಹವನ್ನು ಬರಿಯ ಆಡಂಬರವೆಂದು ಹಳಿಯುವವರುಂಟು. ಅವರು ಮರೆಯುವುದೊಂದಿದೆ. ಹೊಲ ಮನೆಗಳು ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಹೆಂಗಸು ತನ್ನದೆಂದು ಹೇಳಿಕೊಳ್ಳಬಹುದಾಗಿದ್ದುದು ಬಹುಮಟ್ಟಿಗೆ ಮೈಮೇಲಿನ ಒಡವೆಯೊಂದೇ. ಹಿಂದೂ ಹೆಣ್ಣುಮಗಳ ಸ್ವತ್ತು ಅವಳಿಗೇ ಪೂರ್ಣವಾಗಿ ಸೇರಿದ್ದೆಂದು ಕಾನೂನು ಸ್ಪಷ್ಟವಾಗಿ ಸಾರಿದ್ದು 1956ರಲ್ಲಿ. ಅದಕ್ಕೆ ಮುಂಚೆ, ಅದಾದ ಮೇಲೆಯೂ, ಮಳೆ ಕೈಕೊಟ್ಟಾಗ, ಯಜಮಾನರು ಹಾಸಿಗೆ ಹಿಡಿದಾಗ ಮನೆಯನ್ನು ಎತ್ತಿ ನಿಲ್ಲಿಸಿದ್ದು ಆ ಕಾಸಿನ ಸರವೇ.

ಮದುವೆಯ ಮನೆಯಲ್ಲಿ ಮಾತಾಡುತ್ತಿದ್ದ ಇಬ್ಬರಲ್ಲಿ ಒಬ್ಬರು ವಿಜಯನಗರದಲ್ಲಿ ನಮ್ಮ ಬೀದಿಯವರೇ. ಕೆಲವು ದಿನಗಳ ಮೇಲೆ ಅವರು ಮೊಮ್ಮಗಳೊಡನೆ ನಮ್ಮ ಮನೆಗೆ ಬಂದು, ಸೀರೆಯ ಸೆರಗಿನಿಂದ ಒಂದು ಗಂಟನ್ನು ಬಿಚ್ಚಿದರು. ಒಳಗೆ ಕೆಂಪುಕಲ್ಲಿನ ಹಳೆಯ ಅಡ್ಡಿಕೆ, ನಾಲ್ಕು ಸವೆದ ಬಳೆಗಳು. ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. ಚಿನ್ನದ ಧಾರಣೆ ಗಗನಕ್ಕೇರಿರುವ ಈ ದಿನಗಳಲ್ಲಿ ಹಳೆಯದನ್ನು ಕರಗಿಸಿ ಹೊಸ ಹಾರ ಮಾಡಿಸುವುದೇ ಲೇಸೆಂದು ಮನೆಯವರ ಎಣಿಕೆ. ಲೆಕ್ಕ ನೋಡಿಕೊಳ್ಳಲು ಓದಿದವನೊಬ್ಬ ಜೊತೆಗಿರಲೆಂದು ನನ್ನನ್ನು ಕರೆದರು.

ಅಂಗಡಿಯವನು ಪ್ರಾಮಾಣಿಕ. ಹಿಂದಿನ ಅಕ್ಕಸಾಲಿಯ ಒರೆಗಲ್ಲಿನ ಸ್ಥಾನದಲ್ಲಿ ಈಗ ಯಂತ್ರವಿದೆ, ಅದರಲ್ಲಿಟ್ಟು ಪರೀಕ್ಷಿಸಿದ. ಅಡ್ಡಿಕೆಯ ಕಲ್ಲುಗಳ ತೂಕ, ಒಳಗೆ ತುಂಬಿದ ಅರಗಿನ ತೂಕ, ಬೆಸುಗೆಯ ಬೆರಕೆ ಇವೆಲ್ಲ ಕಳೆದರೆ ಉಳಿಯುವ ಚಿನ್ನ ಇಷ್ಟೆಂದ. ಕಲ್ಲಿಗೂ ಕೆಲಸಕ್ಕೂ ಬೆಲೆಯಿಲ್ಲ. ಹೊಸ ಹಾರಕ್ಕೆ ಮಜೂರಿ ಬೇರೆ. ಹೊಸದಕ್ಕೆ ಹಾಲ್‌ಮಾರ್ಕ್ ಇರುತ್ತದೆಂದೂ ಹೇಳಿದ. 2021ರಿಂದ ನಮ್ಮ ನಗರಗಳಲ್ಲಿ ಅದು ಕಡ್ಡಾಯ. ಆರು ಅಕ್ಷರ-ಅಂಕಿಗಳ ಆ ಗುರುತು ಮೋಸ ತಪ್ಪಿಸುವ ಒಳ್ಳೆಯ ಏರ್ಪಾಡೇ ಸರಿ. ಚಿನ್ನ ಎಷ್ಟು ಶುದ್ಧವೆಂಬುದನ್ನು ಅದು ತಿಳಿಸುತ್ತದೆ. ಯಾವ ಗಣಿಯದೆಂದು ತಿಳಿಸುವುದಿಲ್ಲ. ಯಾರ ಕೊರಳಿನದೆಂದು ಹೇಗೆ ತಾನೆ ತಿಳಿಸೀತು?

ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ, ಯಾರನ್ನೂ ಉದ್ದೇಶಿಸದೆ, ‘ಇದನ್ನು ಎರಡು ಸಲ ಅಡವಿಟ್ಟು ಬಿಡಿಸಿದ್ದೇನೆ’ ಎಂದರು. ಮೊದಲ ಸಲ ಮಗನ ಕಾಲೇಜಿನ ಶುಲ್ಕಕ್ಕೆ. ಎರಡನೆಯ ಸಲ ಯಜಮಾನರ ಶಸ್ತ್ರಚಿಕಿತ್ಸೆಗೆ. ಮೊಮ್ಮಗಳಿಗೆ ಇದು ಹೊಸ ಸುದ್ದಿ. ತನ್ನ ತಂದೆ ಓದಿದ್ದು ಈ ಕೆಂಪುಕಲ್ಲಿನ ಬಲದಿಂದ ಎಂಬುದು ಅವಳಿಗೆ ತಿಳಿದಿರಲಿಲ್ಲ. ಅವಳು ಅಡ್ಡಿಕೆಯನ್ನು ತಟ್ಟೆಯಿಂದ ಮೆಲ್ಲನೆ ಎತ್ತಿಕೊಂಡು, ಬಳೆಗಳನ್ನಷ್ಟೆ ಅಂಗಡಿಯವನ ಕಡೆಗೆ ಸರಿಸಿದಳು.

ಹಳೆಯದನ್ನೆಲ್ಲ ಉಳಿಸಿಕೊಳ್ಳಿರೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಕರಗುವುದು ಚಿನ್ನದ ಧರ್ಮ. ಕಷ್ಟಕ್ಕೊದಗುವ ಗುಣವೂ ಅದರಿಂದಲೇ. ಆದರೆ ಮೂರು ಕಿಲೋಮೀಟರ್ ಕೆಳಗೆ ಬಂಡೆ ಒಡೆದವರ ನೆನಪನ್ನು ನಾವು ಒಮ್ಮೆ ಕರಗಿಸಿದ್ದಾಗಿದೆ. ಮನೆಯೊಳಗಿನ ನೆನಪನ್ನಾದರೂ ಕೇಳಿ ತಿಳಿಯದೆ ಮೂಸೆಗೆ ಹಾಕುವುದು ಬೇಡ. ಆ ಹುಡುಗಿಯ ಮದುವೆಯ ದಿನ ಅಡ್ಡಿಕೆ ಅವಳ ಕೊರಳಲ್ಲಿರುತ್ತದೆ. ಮುಂದಿನ ಸಾಲಿನಲ್ಲಿ ಕುಳಿತವರಿಗೆ ಹೇಳಿಕೊಳ್ಳಲು ಒಂದು ಕಥೆಯೂ ಉಳಿದಿರುತ್ತದೆ.