ಹೂಳೆತ್ತಿದರೆ ಕೆರೆ ತುಂಬುತ್ತದೆಯೇ?

ಬೇಸಿಗೆ ಬಂದರೆ ಸಾಕು, ಒಣಗಿದ ಕೆರೆಯಲ್ಲಿ ಜೆಸಿಬಿ ಮಣ್ಣೆತ್ತುವ ವಿಡಿಯೊಗಳು ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತವೆ. ಜೊತೆಗೊಂದು ಮಾತು: ಹೂಳೆತ್ತಿದರೆ ಕೆರೆ ತಾನಾಗಿ ತುಂಬುತ್ತದೆ. ಇದು ಅರ್ಧ ನಿಜ. ಹೂಳೆತ್ತಿದರೆ ಪಾತ್ರೆ ದೊಡ್ಡದಾಗುತ್ತದೆ, ಅಷ್ಟೇ. ನೀರು ಎಲ್ಲಿಂದ ಬರಬೇಕು?

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯನ್ನೇ ತೆಗೆದುಕೊಳ್ಳಿ. ಊರಿನ ಹೆಸರಿನಲ್ಲೇ ಕೆರೆ ಇದೆ (ಶಾಲೆಯಲ್ಲಿ ಕಲಿತ ಆದೇಶ ಸಂಧಿ ನೆನಪಿಸಿಕೊಳ್ಳಿ). ಈ ಭಾಗದಲ್ಲಿ ವರ್ಷಕ್ಕೆ ಸುಮಾರು 80 ಸೆಂಟಿಮೀಟರ್ ಮಳೆ ಬೀಳುತ್ತದೆ. ತುಂಬಿದ ಕೆರೆಯಿಂದ ಬಿಸಿಲು, ಗಾಳಿಗೆ ಆವಿಯಾಗುವ ನೀರು ಅದಕ್ಕಿಂತ ಹೆಚ್ಚು. ಅಂದರೆ ತನ್ನ ಮೇಲೆ ನೇರವಾಗಿ ಬೀಳುವ ಮಳೆಯನ್ನೇ ನಂಬಿದರೆ ಇಲ್ಲಿ ಯಾವ ಕೆರೆಯೂ ವರ್ಷವಿಡೀ ಉಳಿಯದು. ಸುತ್ತಲಿನ ಹೊಲ, ದಿಣ್ಣೆ, ತೋಪುಗಳಿಂದ ನೀರು ಹರಿದು ಬರಬೇಕು. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಹರಿದರೂ ನೂರು ಎಕರೆಯಿಂದ 4 ಲಕ್ಷ ಲೀಟರ್ ಆಯಿತು. ಅದನ್ನು ಕೆರೆಗೆ ತಲುಪಿಸುವುದು ರಾಜಕಾಲುವೆ.

“ಹತ್ತು ವರ್ಷದಿಂದ ನೀರೇ ಹರಿದಿಲ್ಲ, ಅದೆಂಥ ಕಾಲುವೆ?” ಎಂದು ಕೇಳುವವರಿದ್ದಾರೆ. ನಮ್ಮ ಕಡೆ ರಾಜಕಾಲುವೆ ವರ್ಷಪೂರ್ತಿ ಹರಿಯುವ ಹೊಳೆಯಲ್ಲ. ಜೋರು ಮಳೆ ಬಂದಾಗ ಕೆಲವು ಗಂಟೆ ಹರಿಯುತ್ತದೆ. ಉಳಿದ ದಿನ ಅಲ್ಲಿ ಪಾರ್ಥೇನಿಯಂ ಗಿಡ, ಕಸ, ಒಡೆದ ಮನೆಯ ಕಲ್ಲುಮಣ್ಣು. ಅದನ್ನು ಮುಚ್ಚಿ ರಸ್ತೆಯೋ ಸೈಟೋ ಮಾಡಿದರೆ ಮೇಲಿನಿಂದ ಬರುವ ನೀರು ನಿಲ್ಲುವುದಿಲ್ಲ, ತಗ್ಗು ಹುಡುಕಿಕೊಂಡು ಮನೆಯೊಳಗೆ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರಿನಲ್ಲಿ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ಕರೆತಂದದ್ದು ನೆನಪಿರಬಹುದು. ಬೂದಿಗೆರೆ ಕ್ರಾಸ್ ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿರುವ ವೇಗ ನೋಡಿದರೆ ಈ ಎಚ್ಚರ ಇಲ್ಲಿಗೂ ಬೇಕು.

ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆ ದಾಟಿ ತಮಿಳುನಾಡಿಗೆ ಹೋಗುತ್ತದೆ. ಈ ಭಾಗದ ಕೆರೆಗಳು ಸರಪಳಿಯಂತಿವೆ. ಮೇಲಿನದು ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ನಡುವೆ ಒಂದು ಕಾಲುವೆ ಮುಚ್ಚಿದರೂ ಕೆಳಗಿನ ಊರಿನ ಬೋರ್‌ವೆಲ್‌ಗಳಿಗೆ ಪೆಟ್ಟು.

ಹಾಗಾದರೆ ಹೂಳೆತ್ತುವುದು ಬೇಡವೇ? ಬೇಕು, ಆದರೆ ಅಳತೆ ನೋಡಿಕೊಂಡು. ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು ಗದ್ದೆಗೆ ತಾನಾಗಿ ಹರಿಯದು. ಅಂಚನ್ನು ಕಡಿದಾಗಿ ತೋಡಿದರೆ ಕೊಕ್ಕರೆ ನಿಲ್ಲಲು ಆಳವಿಲ್ಲದ ನೀರಿರದು, ದನ ಇಳಿಯಲಾರದು, ಮಕ್ಕಳಿಗಂತೂ ಅಪಾಯ. ಎತ್ತಿದ ಮಣ್ಣು ರೈತರ ಹೊಲಕ್ಕೆ ಹೋಗುತ್ತಿದೆಯೋ, ಲೇಔಟ್ ತುಂಬಲು ಹೋಗುತ್ತಿದೆಯೋ ಎಂದೂ ಕೇಳಿ.

ಕಾಲುವೆ ಎಲ್ಲಿದೆ ಎಂದು ಮೊಬೈಲಿನಲ್ಲೇ ಹುಡುಕಲು ಶುರು ಮಾಡಬಹುದು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಗ್ರಾಮ ನಕಾಶೆಯ ಜೊತೆ ಹೋಲಿಸಿ. ಜೋರು ಮಳೆಯ ಮರುದಿನ ಕಾಲುವೆಯ ಪಕ್ಕ ನಡೆದು ನೋಡಿದರೆ ನೀರು ಎಲ್ಲಿ ತಡೆದು ನಿಂತಿದೆ ಎಂದು ಗೊತ್ತಾಗುತ್ತದೆ. ಅದರ ಫೋಟೊ, ದಿನಾಂಕ, ಸರ್ವೆ ನಂಬರ್ ಸೇರಿಸಿ ಪಂಚಾಯಿತಿಗೂ ತಹಶೀಲ್ದಾರರಿಗೂ ಬರೆದು ಕೊಡಿ, ಸ್ವೀಕೃತಿ ಪಡೆಯಲು ಮರೆಯಬೇಡಿ.