ಸ್ಟೇರಿಂಗ್ ನಡುಗುತ್ತಿದೆಯೇ? ಯಾವಾಗ ಎಂದು ಮೊದಲು ನೋಡಿ

ತರಕಾರಿ, ಹಾಲು, ಸಿಮೆಂಟು ಹೊರುವ ಪಿಕಪ್ ಗಾಡಿಯ ಸ್ಟೇರಿಂಗ್ ನಡುಗತೊಡಗಿದರೆ ಹೆಚ್ಚಿನವರು ನೇರವಾಗಿ ಅಲೈನ್‌ಮೆಂಟ್ ಅಂಗಡಿಗೆ ಹೋಗುತ್ತಾರೆ. ದುಡ್ಡು ಖರ್ಚಾಗುತ್ತದೆ, ನಡುಕ ಹಾಗೇ ಇರುತ್ತದೆ. ಆಮೇಲೆ ಟೈರ್, ಅದಾದ ಮೇಲೆ ಸ್ಟೇರಿಂಗ್ ಬಾಕ್ಸ್ ಎಂದು ಒಂದೊಂದೇ ಬದಲಾಗುತ್ತದೆ. ದಿನದ ದುಡಿಮೆಯನ್ನೇ ನಂಬಿದವರಿಗೆ ಇದು ಸಣ್ಣ ಹೊರೆಯಲ್ಲ. ನಡುಕ ಯಾವ ವೇಗದಲ್ಲಿ, ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆಯೇ.

ತಪ್ಪು ಕಲ್ಪನೆ: ಅಲೈನ್‌ಮೆಂಟ್ ಮಾಡಿಸಿದರೆ ನಡುಕ ನಿಲ್ಲುತ್ತದೆ.

ಅಲೈನ್‌ಮೆಂಟ್ ನೋಡುವುದು ಚಕ್ರಗಳು ನಿಂತಿರುವ ಕೋನವನ್ನು. ಅದು ತಪ್ಪಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಆಸುಪಾಸಿನಲ್ಲಿ ಶುರುವಾಗಿ, ಇನ್ನೂ ವೇಗ ಹೆಚ್ಚಿಸಿದರೆ ತಗ್ಗುವ ನಡುಕಕ್ಕೆ ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ತಪ್ಪಿರುವುದು, ಅಂದರೆ ಚಕ್ರದ ಸುತ್ತ ತೂಕ ಸಮನಾಗಿ ಹಂಚಿಕೆಯಾಗದಿರುವುದು ಕಾರಣ. ಸುತ್ತಳತೆ 2 ಮೀಟರ್ ಇರುವ ಚಕ್ರ 90 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 12 ಸುತ್ತಿಗೂ ಹೆಚ್ಚು ತಿರುಗುತ್ತದೆ. 15 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ವ್ಯತ್ಯಾಸವಿದ್ದರೆ ಸುಮಾರು ಮೂರೂವರೆ ಕಿಲೋ ತೂಕದಷ್ಟು ಬಲ ಪ್ರತಿ ಸುತ್ತಿಗೂ ಚಕ್ರವನ್ನು ಜಗ್ಗುತ್ತದೆ. ವೇಗ ಅರ್ಧಕ್ಕಿಳಿದರೆ ಆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ; ಊರೊಳಗೆ ಅದು ಗೊತ್ತಾಗದಿರುವುದು ಅದಕ್ಕೇ. ರಿಮ್ಮಿನ ಒಳಬದಿಗೆ ಮೆತ್ತಿ ಒಣಗಿದ ಕೆಸರೂ ಇದೇ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಓಡಾಡುವ ಗಾಡಿಯಾದರೆ ದುಡ್ಡು ಬಿಚ್ಚುವ ಮೊದಲು ಚಕ್ರದ ಒಳಗನ್ನು ತೊಳೆಯಿರಿ.

20-40 ಕಿ.ಮೀ. ವೇಗದಲ್ಲೇ ಸ್ಟೇರಿಂಗ್ ಅತ್ತಿತ್ತ ಆಡಿದರೆ ಕಥೆ ಬೇರೆ. ರಿಮ್ ಬೆಂಡಾಗಿರಬಹುದು, ಟೈರ್ ಒಳಗೆ ಪದರ ಬಿಟ್ಟಿರಬಹುದು. ಗಾಡಿ ನಿಲ್ಲಿಸಿ ಟೈರಿನ ಸುತ್ತ ಅಂಗೈ ಆಡಿಸಿ. ಉಬ್ಬು ಸಿಕ್ಕರೆ ಆ ಟೈರಿನಲ್ಲಿ ಹೆದ್ದಾರಿಗೆ ಹೋಗಲೇಬೇಡಿ.

ತಪ್ಪು ಕಲ್ಪನೆ: ಬ್ರೇಕ್ ಒತ್ತಿದಾಗ ನಡುಗಿದರೆ ಡಿಸ್ಕ್ ಬಿಸಿಗೆ ಸೊಟ್ಟಗಾಗಿದೆ.

ಬಹಳ ಸಲ ಡಿಸ್ಕ್ ಸೊಟ್ಟಗಾಗಿರುವುದಿಲ್ಲ, ಅದರ ದಪ್ಪ ಒಂದೇ ಸಮ ಇರುವುದಿಲ್ಲ. ಹಬ್ಬಿನ ಮೇಲಿನ ತುಕ್ಕು ಒರೆಸದೆ ಕೂರಿಸಿದರೆ, ನಟ್‌ಗಳನ್ನು ಅಡ್ಡಾದಿಡ್ಡಿ ಬಿಗಿದರೆ ಡಿಸ್ಕ್ ಸ್ವಲ್ಪ ಓರೆಯಾಗಿ ತಿರುಗುತ್ತದೆ. ಪ್ಯಾಡ್ ಒಂದೇ ಜಾಗಕ್ಕೆ ತಾಗಿ ತಾಗಿ ಡಿಸ್ಕ್ ಅಲ್ಲಿ ಸವೆಯುತ್ತದೆ. ಅದೇ ತುಕ್ಕಿನ ಮೇಲೆ ಹೊಸ ಡಿಸ್ಕ್ ಹಾಕಿದರೆ ಕೆಲವು ತಿಂಗಳಲ್ಲಿ ಮತ್ತೆ ಅದೇ ಪಾಡು.

ತಪ್ಪು ಕಲ್ಪನೆ: ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಅಲುಗಾಟ ತಗ್ಗಿಸುವ ಶಾಕ್ ಅಬ್ಸಾರ್ಬರ್) ಬದಲಿಸಿದರೆ ಎಲ್ಲ ಸರಿಹೋಗುತ್ತದೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವ ನಂಬಿಕೆ ಇದು. ಎರಡೂ ಮುಂಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹೊತ್ತಿರುವ ಗಾಡಿಗಳಲ್ಲಿ ಒಂದು ಚಕ್ರ ಗುಂಡಿಗೆ ಬಿದ್ದ ಏಟಿಗೆ ಇಡೀ ಮುಂಭಾಗ ಬಡಬಡ ಹೊಡೆದುಕೊಳ್ಳಬಹುದು. ವೇಗ ಇಳಿಸುವವರೆಗೂ ಅದು ನಿಲ್ಲುವುದಿಲ್ಲ. ಅಮೆರಿಕದಲ್ಲಿ ಜೀಪ್ ರ‍್ಯಾಂಗ್ಲರ್, ರ‍್ಯಾಮ್ 2500, ಫೋರ್ಡ್ ಸೂಪರ್ ಡ್ಯೂಟಿ ಓಡಿಸುವವರು ಇದನ್ನು ‘ಡೆತ್ ವಾಬಲ್’ ಎನ್ನುತ್ತಾರೆ. ಮುಂದೆಯೂ ಪಟ್ಟಾ ಇರುವ ನಮ್ಮ ಸಣ್ಣ ಗೂಡ್ಸ್ ಗಾಡಿಗಳಲ್ಲಿ ಕಿಂಗ್ ಪಿನ್, ಪಟ್ಟಾ ಬುಷ್, ಟೈ ರಾಡ್ ಎಂಡ್ ಸವೆದಾಗಲೂ ಹೀಗಾಗಬಹುದು. ಹೊಸ ಡ್ಯಾಂಪರ್ ನಡುಕವನ್ನು ಅದುಮಿಡುತ್ತದೆ ಅಷ್ಟೇ. ಸಡಿಲವಾದ ಜಾಯಿಂಟ್ ಒಳಗೊಳಗೇ ಸವೆಯುತ್ತಲೇ ಇರುತ್ತದೆ.

ಸಡಿಲ ಎಲ್ಲಿದೆ ಎಂದು ಹುಡುಕಲು ದುಬಾರಿ ಯಂತ್ರ ಬೇಡ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲಿ. ಇನ್ನೊಬ್ಬರು ಕೆಳಗಿನಿಂದ ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಲಿ. ಸವೆದದ್ದು ಟಕ್ ಎನ್ನುವುದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಮುಂಚಕ್ರವನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟೈರಿನ ಮೇಲ್ತುದಿ ಕೆಳತುದಿ ಹಿಡಿದು ಅಲುಗಿಸಿ. ಆಟ ಕಂಡರೆ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ. ಆಟ ಮಾಯವಾದರೆ ಹಬ್ ಬೇರಿಂಗ್ ಸಡಿಲ, ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದೆ.

ತಪ್ಪು ಕಲ್ಪನೆ: ಲೋಡ್ ಇದ್ದರೆ ನಡುಗುವುದು ಸಹಜ.

ಸಹಜವಲ್ಲ. ಹಿಂದಿನ ಆಕ್ಸಲ್‌ಗೂ ಹಿಂದೆ ಭಾರ ಪೇರಿಸಿದರೆ ಗಾಡಿಯ ಮೂತಿ ಮೇಲೇಳುತ್ತದೆ, ಮುಂಚಕ್ರಗಳ ಮೇಲಿನ ಒತ್ತಡ ಇಳಿಯುತ್ತದೆ, ಅವು ನಿಂತ ಕೋನವೂ ಬದಲಾಗುತ್ತದೆ. ತೂಕದ ಮೂಟೆಗಳನ್ನು ಕ್ಯಾಬಿನ್ ಕಡೆಗೆ ಜೋಡಿಸಿ, ಮಿತಿ ಮೀರಬೇಡಿ.

ಓಡುತ್ತಿರುವಾಗಲೇ ಜೋರಾಗಿ ನಡುಗತೊಡಗಿದರೆ ಬ್ರೇಕನ್ನು ದಿಢೀರನೆ ತುಳಿಯಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ನೇರ ಹಿಡಿದು, ವೇಗ ತಾನಾಗಿ ಇಳಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ. ಜಾಯಿಂಟ್‌ಗಳನ್ನು ನೋಡಿಸುವವರೆಗೂ ಆ ಗಾಡಿಗೆ ಲೋಡ್ ಹಾಕಬೇಡಿ.